ಚೆಂಡುಹೂವಿನ ಹಿಂದೆ ಐದು ಗಡಿಯಾರ

ಕಂಪ್ಯೂಟರ್ ರಿಪೇರಿಯವನ ತಪ್ಪು ಬಯಲಾಗುವುದು ಯಾವಾಗಲೂ ನಾಲ್ಕು ಜನರ ಎದುರಿಗೇ. ಅಂಧೇರಿಯ ಒಂದೇ ಉಡುಪಿ ಹೋಟೆಲಿನಲ್ಲಿ ನನಗೆ ಎರಡು ಸಲ ಹೀಗಾಗಿದೆ. ಆದರೂ ನನ್ನ ಜಂಬ ಇಳಿದಿಲ್ಲ.

೧. ಕಪ್ಪು ವಿಂಡೋ

ಅದೇನೋ ಅಪ್‌ಡೇಟ್ ಆದಮೇಲೆ ಕೌಂಟರಿನ ಕಂಪ್ಯೂಟರಿನಲ್ಲಿ ಪ್ಯಾನೆಲ್, ಅಂದರೆ ಪರದೆಯ ಅಡಿಯಲ್ಲಿ ಮೆನು, ಗಡಿಯಾರ ಇರುವ ಪಟ್ಟಿ, ಮಾಯವಾಗಿತ್ತು. ಟರ್ಮಿನಲ್ ಎಂಬ ಕಪ್ಪು ವಿಂಡೋ ತೆರೆದು ಒಂದು ಸಾಲು ಕಮಾಂಡ್ ಹೊಡೆದೆ. ಪಟ್ಟಿ ಬಂತು. "ಇಷ್ಟೇ!" ಎಂದು ಕಾಫಿ ಕುಡಿದು ಹೊರಟೆ. ಪವಾಯಿ ತಲುಪುವ ಮೊದಲೇ ಮಾಲೀಕರ ಫೋನು.

"ಪಟ್ಟಿ ಹೋಯ್ತು ಮಾರಾಯ್ರೆ!"

"ಕಪ್ಪು ವಿಂಡೋ ಮುಚ್ಚಿದ್ರಾ?"

"ಮುಚ್ಚದೆ? ಅಡುಗೆ ಆದಮೇಲೆ ಗ್ಯಾಸ್ ಬಂದ್ ಮಾಡುವುದಿಲ್ವಾ?"

ಟರ್ಮಿನಲ್ ಮುಚ್ಚಿದರೆ ಅದರಿಂದ ಶುರುವಾದದ್ದೂ ನಿಲ್ಲುತ್ತದೆ ಎಂದು ಹೇಳಲು ಮರೆತವನು ನಾನೇ. ರಿಕ್ಷಾ ತಿರುಗಿಸಿಕೊಂಡು ಹೋಗಿ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪ್ಯಾನೆಲ್ ತಾನಾಗಿ ಬರುವಂತೆ ಮಾಡಿದೆ.

"ಇದನ್ನು ಮೊದಲೇ ಮಾಡಿದ್ರೆ ನನಗೆ ಒಂದು ಕಾಫಿ ಉಳೀತಿತ್ತು" ಎಂದರು ಮಾಲೀಕರು.

೨. ಗಣಪತಿ ಅಡ್ಡ ಬಂದದ್ದು

ಮುಂದಿನ ವಾರ ಗಡಿಯಾರ ಕಾಣುವುದಿಲ್ಲವೆಂದು ದೂರು. ಹೋಗಿ ನೋಡಿದರೆ ಮಾನಿಟರಿನ ಮುಂದೆ, ಸರಿಯಾಗಿ ಪಟ್ಟಿಗೆ ಅಡ್ಡವಾಗಿ, ಹೊಸ ಹಿತ್ತಾಳೆ ಗಣಪತಿ.

"ಸ್ವಲ್ಪ ಆ ಕಡೆ ಇಡಬಹುದಾ ಸರ್?"

"ಭಾವ ಕೊಟ್ಟದ್ದು. ಅವರದ್ದು ಠಾಣೆ ಪೇಟೆಯಲ್ಲಿ ಎರಡು ಹೋಟೆಲ್ ಉಂಟು. ಆಯುಧಪೂಜೆಗೆ ಬರ್ತಾರೆ. ನಿಮ್ಮ ಕೆಲಸ ಮೆಚ್ಚಿದ್ರೆ ಅಲ್ಲಿಯ ಕಂಪ್ಯೂಟರುಗಳೂ ನಿಮಗೇ."

"ಗಣಪತಿ ಅಲ್ಲೇ ಇರಲಿ ಸರ್" ಎಂದೆ. ಒಂದು ಕಮಾಂಡಿನಲ್ಲಿ ಪಟ್ಟಿಯನ್ನೇ ಪರದೆಯ ಮೇಲಂಚಿಗೆ ಹತ್ತಿಸಿದೆ.

೩. ಭಾವ ಬಂದರು

ಆಯುಧಪೂಜೆಯ ಬೆಳಿಗ್ಗೆ ಗ್ರೈಂಡರಿಗೂ, ಕಾಫಿ ಫಿಲ್ಟರಿಗೂ, ಮಾನಿಟರಿನ ತಲೆಗೂ ಚೆಂಡುಹೂವಿನ ದಪ್ಪ ಹಾರ. ಭಾವ ಕೌಂಟರಿನ ಪಕ್ಕ ಕೂತು, "ಎಲ್ಲಿ, ನಿಮ್ಮ ಪಟ್ಟಿ ನೋಡುವ" ಎಂದರು.

ಪಟ್ಟಿ ಇಲ್ಲ! ಠಾಣೆಯ ಎರಡು ಹೋಟೆಲೂ ಕೈತಪ್ಪಿದಂತೆ ಕಂಡಿತು.

"ಒಂದೇ ಕಮಾಂಡು, ನೋಡಿ ಸರ್" ಎಂದು ಹೊಡೆದೆ. ಬರಲಿಲ್ಲ. ಮತ್ತೆ ಹೊಡೆದೆ. ಬೆವರೊರೆಸಿಕೊಂಡು ಇನ್ನೆರಡು ಸಲ ಹೊಡೆದೆ. ಊಹೂಂ.

ಅಷ್ಟರಲ್ಲಿ ಮಾಲೀಕರು ಕುಂಕುಮ ಹಚ್ಚಲೆಂದು ಹಾರ ಮೇಲೆತ್ತಿದರು. ಅದರ ಹಿಂದೆ ಒಂದರ ಕೆಳಗೊಂದು ಐದು ಪಟ್ಟಿಗಳು: ಮೊದಲೇ ಇದ್ದದ್ದೊಂದು, ನಾನು ಕರೆದು ತಂದವು ನಾಲ್ಕು.

ಭಾವ ಐದೂ ಗಡಿಯಾರ ನೋಡಿದರು. ಆಮೇಲೆ ತಮ್ಮ ಕೈಗಡಿಯಾರ ನೋಡಿದರು.

"ಟೈಮ್ ಎಲ್ಲ ಸರಿ ಉಂಟು. ನಾಳೆ ಠಾಣೆಗೆ ಬನ್ನಿ" ಎಂದರು. "ಆದ್ರೆ ನಮಗೆ ಒಂದೇ ಗಡಿಯಾರ ಸಾಕು ಮಾರಾಯ್ರೆ."