ಬ್ರೇಕಿಗೆ ಹೇಳಿದ ಮಾತು

ಜರ್ಮನಿಯ ಯಂತ್ರ ಮಾಡುವುದನ್ನು ಮಂಗಳೂರಿನ ಮನುಷ್ಯನ ಕೈಕಾಲು ಮಾಡಲಾರವೇ? ೧೯೮೮ರ ಒಂದು ಭಾನುವಾರ ನಾನು ಹೀಗೆ ಗುಡುಗಿದಾಗ ನನ್ನ ಹೆಂಡತಿ ಗುಣವತಿ ಮೀನುಸಾರಿನ ಮಡಕೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು.

ವಾಚನಾಲಯದಲ್ಲಿ ಓದಿದ್ದೆ. ಗಾಬರಿಯಿಂದ ಬ್ರೇಕನ್ನು ಒತ್ತಿಯೇ ಹಿಡಿದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಮೋಟಾರ್ ಸೈಕಲ್ಲು ಸವಾರನ ಅಧೀನ ತಪ್ಪುತ್ತದೆ. ಜರ್ಮನಿಯ ಹೊಸ ಯಂತ್ರ ಚಕ್ರದ ವೇಗವನ್ನು ಅಳೆಯುತ್ತಲೇ ಇದ್ದು, ಅದು ಸ್ತಬ್ಧವಾಗಲು ಹೊರಟ ಕೂಡಲೇ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದಂತೆ. ಸೆಕೆಂಡಿಗೆ ಹಲವು ಬಾರಿ!

"ಪ್ರಯೋಗ ಮಾಡದೆ ನಾನು ಯಾವುದನ್ನೂ ನಂಬುವವನಲ್ಲ!"

"ನನ್ನನ್ನು ಹಿಂದೆ ಕೂರಿಸಿ ಪ್ರಯೋಗ ಬೇಡ ಮಾರಾಯ್ರೆ. ಇದು ಅಮ್ಮನ ಮಡಕೆ. ಇದರ ಬಂಗುಡೆ ಪುಳಿಮುಂಚಿ ಉಂಡಾದರೂ ಅಣ್ಣ ನಿಮ್ಮ ಹತ್ತಿರ ಮಾತಾಡ್ಲಿ."

ಅವಳ ಅಣ್ಣ ಮಹಾಬಲರು ರಕ್ತದೊತ್ತಡಕ್ಕೆಂದು ಅಯಸ್ಕಾಂತದ ಬಳೆ ತೊಟ್ಟಿದ್ದರು. ಅದು ನಿಷ್ಪ್ರಯೋಜಕವೆಂದು ನಾನು ಅವರ ಅತಿಥಿಗಳೆದುರೇ ನಲವತ್ತು ನಿಮಿಷ ಸಾಧಿಸಿ ತೋರಿಸಿದ್ದೆ. ಅಂದಿನಿಂದ ಒಂದು ವರ್ಷ ಮೌನ!

ಗುಣವತಿ ಮಡಕೆಯನ್ನು ಮಡಿಲಲ್ಲಿಟ್ಟು ಹಿಂದೆ ಕುಳಿತಳು; ಮೋಟಾರ್ ಸೈಕಲ್ಲಿನಲ್ಲಿ ಕೊಟ್ಟಾರದಿಂದ ವಾಮಂಜೂರಿನ ಅಣ್ಣನ ಮನೆಗೆ ಹೊರಟೆವು. ಇಳಿಜಾರಿನಲ್ಲಿ ಲಾರಿ ಚೆಲ್ಲಿ ಹೋದ ಮರಳು. ಮುಂದೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ವಿಜ್ಞಾನ ನನ್ನನ್ನು ಕರೆಯಿತು!

"ಹಿಡಿ!" ಬ್ರೇಕ್ ಒತ್ತಿದೆ. "ಬಿಡು!" ಸಡಿಲಿಸಿದೆ. ಲಯ ತಪ್ಪಬಾರದೆಂದು ಗಟ್ಟಿಯಾಗಿಯೇ ಕೂಗಿದೆ. "ಹಿಡಿ! ಬಿಡು! ಹಿಡಿ! ಬಿಡು!"

ಬಸ್ಸಿಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು. ಒಂದಿಷ್ಟೂ ಜಾರದೆ!

"ನೋಡಿದೆಯಾ ಗುಣವತಿ!" ಎಂದು ವಿಜಯೋತ್ಸಾಹದಿಂದ ಹಿಂದೆ ತಿರುಗಿ ನೋಡಿದೆ. ಅವಳ ಮಡಿಲು ಖಾಲಿ! ಡಾಮರಿನ ಮೇಲೆ ಕೆಂಪು ಹೊಳೆ! ಮರಳಿನಲ್ಲಿ ಮಲಗಿದ್ದ ಬಂಗುಡೆಯೊಂದು ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು.

"ಮಡಕೆ?"

"ನೀವೇ ಬಿಡು ಅಂದದ್ದಲ್ವಾ?" ಎಂದಳು. "ಮೊದಲ ಸಲ ಬಿಡ್ಲಿಲ್ಲ. ಮತ್ತೆಯೂ ಬೊಬ್ಬೆ ಹಾಕಿದ್ರಿ. ಮಡಕೆ ಬಿಟ್ಟು ನಿಮ್ಮನ್ನು ಹಿಡಿಯಲಿಕ್ಕೆ ಹೇಳ್ತೀರಿ ಅಂತ ಎಣಿಸಿದೆ."

ಹದಿನೆಂಟು ವರ್ಷಗಳ ದಾಂಪತ್ಯದಲ್ಲಿ ಅವಳು ನನ್ನ ಮಾತು ಕೇಳಿದ್ದು ಅದೇ ಮೊದಲು!

"ಅಯ್ಯೋ, ನಾನು ಹೇಳಿದ್ದು ಬ್ರೇಕಿಗೆ!"

"ಬ್ರೇಕಿಗೆ ಕಿವಿ ಉಂಟಾ ಮಾರಾಯ್ರೆ?"

ನಾನು ಕೆಳಗಿಳಿದು ಚೂರುಗಳನ್ನು ಹೆಕ್ಕತೊಡಗಿದೆ.

ಮಡಕೆಯ ಕಂಠವೊಂದು ಉಳಿದಿತ್ತು. ಬಟ್ಟೆಯಲ್ಲಿ ಸುತ್ತಿ ತಂದು ಮಹಾಬಲರ ಮುಂದಿಟ್ಟೆವು. ಅವರು ಅದನ್ನು ಮೆಲ್ಲಗೆ ಸವರಿದರು. ಚಕ್ರ, ಘರ್ಷಣೆ, ಜಾರುವಿಕೆ ಎಂದು ನಾನು ತೊದಲಿದೆ. ಪೂರ್ತಿ ಕೇಳಿಸಿಕೊಂಡು, ಒಂದು ವರ್ಷದ ಬಳಿಕ ಅವರು ನನ್ನೊಡನೆ ಬಾಯಿ ತೆರೆದರು.

"ಭಾವಾ, ಈ ಬಳೆಯಿಂದ ಬೀಪಿ ಇಳಿಯಲಿಲ್ಲ, ಒಪ್ತೇನೆ. ಆದ್ರೆ ಇಷ್ಟರವರೆಗೆ ಇದು ಅಮ್ಮನ ಒಂದು ಮಡಕೆಯನ್ನೂ ಒಡೆಯಲಿಲ್ಲ."