ನನ್ನ ನಾಲಿಗೆಯ ಕ್ಯಾಲಿಬ್ರೇಷನ್

ಒಮ್ಮೆ ಪರೀಕ್ಷೆ ಮಾಡಿ ನೋಡದೆ ಏನನ್ನೂ ನಂಬುವುದು ನನ್ನಿಂದ ಆಗದು. ಇದು ಸ್ವಭಾವವಲ್ಲ, ಉದ್ಯೋಗದಿಂದ ಅಂಟಿಕೊಂಡ ಚಟ. ಅಡ್ಯಾರಿನ ಆಹಾರ ಪರೀಕ್ಷೆಯ ಲ್ಯಾಬೊಂದರಲ್ಲಿ ತಲೆ ನರೆಯುವವರೆಗೂ ಸ್ಪೆಕ್ಟ್ರೋಮೀಟರಿನ ಮುಂದೆ ಕೂತವಳು ನಾನು. ರಾಗಿಯಲ್ಲಿ ಕಬ್ಬಿಣ ಎಷ್ಟು, ಹಾಲಿನಲ್ಲಿ ಕ್ಯಾಲ್ಸಿಯಂ ಎಷ್ಟು, ಉಪ್ಪಿನಕಾಯಿಯಲ್ಲಿ ಸೋಡಿಯಂ ಎಷ್ಟು ಎಂದು ಆ ಯಂತ್ರ ಬೆಳಕನ್ನು ಅಳೆದು ಹೇಳುತ್ತಿತ್ತು. ಆದರೆ ಯಂತ್ರಕ್ಕೆ ಸ್ವಂತ ಬುದ್ಧಿ ಎಲ್ಲಿಯದು? ದಿನಾ ಬೆಳಿಗ್ಗೆ ಮೊದಲು ಬರೀ ನೀರು, ಆಮೇಲೆ ಎಷ್ಟಿದೆ ಎಂದು ನಮಗೆ ಮೊದಲೇ ಗೊತ್ತಿರುವ ‘ಸ್ಟ್ಯಾಂಡರ್ಡ್’ ದ್ರಾವಣಗಳನ್ನು ಒಂದೊಂದಾಗಿ ಕುಡಿಸಿ, ‘ನೋಡಪ್ಪಾ, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು’ ಎಂದು ಪಾಠ ಹೇಳಬೇಕು. ಅದೇ ಕ್ಯಾಲಿಬ್ರೇಷನ್. ಗ್ರಾಫಿನ ಗೆರೆ ನೆಟ್ಟಗೆ ಬಂದರಷ್ಟೇ ಮುಂದಿನ ಕೆಲಸ. ಕಾನ್ವೆಂಟಿನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದ ಸಿಸ್ಟರ್, “ಗರ್ಲ್ಸ್, ಡೌಟ್ ಯುವರ್ ಬ್ಯಾಲೆನ್ಸ್ ಫಸ್ಟ್, ಯುವರ್ ನೇಬರ್ ಲೇಟರ್” ಎನ್ನುತ್ತಿದ್ದರು; ಮೊದಲು ನಿಮ್ಮ ತಕ್ಕಡಿಯನ್ನು ಶಂಕಿಸಿ, ಪಕ್ಕದವರನ್ನು ಆಮೇಲೆ ಎಂದು. ಆ ದನಿ ಈಗಲೂ ಕೆಲವು ಮಧ್ಯಾಹ್ನ ಕಿವಿಯಲ್ಲಿ ಸುಳಿಯುತ್ತದೆ. ಮನಸ್ಸು ಸ್ವಲ್ಪ ಹೊತ್ತು ಎಲ್ಲೋ ಹೋಗಿ ಬರುತ್ತದೆ.

ಇಂಥ ನನ್ನ ಕೈಯಿಂದಲೇ ಉಪ್ಪಿನ ಡಬ್ಬಿ ಕಿತ್ತುಕೊಳ್ಳುವ ಮಾತು ಬಂತು. ನಮ್ಮವರಿಗೆ ಬಿಪಿ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ನಾನು ಮಾಡಿದ್ದೆ ಕೂಡ, ಆಣೆಯಿಟ್ಟು ಹೇಳುತ್ತೇನೆ. ಆದರೂ ಸೊಸೆ ಸುಮತಿ ಒಂದು ದಿನ ಸಾರಿನ ಮೊದಲ ತುತ್ತಿಗೇ ನೀರಿನ ಲೋಟ ಎತ್ತಿದಳು.

“ಅತ್ತೆ, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಉಪ್ಪು ನಾನೇ ಹಾಕ್ತೀನಿ. ಮಾವನವರ ಬಿಪಿ ಮತ್ತೆ ಏರಿದೆ.”

“ಏನ್ರೀ, ಉಪ್ಪಾಗಿದೆಯಾ?” ಎಂದು ಇವರನ್ನು ಕೇಳಿದೆ.

“ನನ್ನನ್ನ ಯಾಕೆ ಎಳೀತೀಯ? ನಂಗೇನೋ ಚೆನ್ನಾಗೇ ಇದೆ,” ಎಂದು ಇನ್ನೊಂದು ಸೌಟು ಬಡಿಸಿಕೊಂಡರು. ರೋಗಿಯ ಸಾಕ್ಷಿಗೆ ಬೆಲೆಯಿಲ್ಲ ಎಂದು ಸೊಸೆಯ ಹುಬ್ಬು ಹೇಳಿತು.

ಅಡುಗೆಮನೆಯಲ್ಲಿ ಉಪ್ಪು ಹಾಕುವ ಹಕ್ಕು ಹೋದವಳಿಗೆ ಉಳಿಯುವುದು ಕೊತ್ತಂಬರಿ ಬಿಡಿಸುವ ಕೆಲಸ. ನಾನು ಸುಮ್ಮನಿರಲಿಲ್ಲ. “ಲೆಟ್ ಅಸ್ ಬಿ ಸೈಂಟಿಫಿಕ್” ಎಂದು ಸಾಲಾಗಿ ಲೋಟಗಳನ್ನಿಟ್ಟು, ಪುಟ್ಟ ತಕ್ಕಡಿಯಲ್ಲಿ ಉಪ್ಪು ತೂಗಿ, ನೀರಿನಲ್ಲಿ ಕರಗಿಸಿದೆ. ಸುಮತಿ ಲೋಟಗಳನ್ನು ಅದಲುಬದಲು ಮಾಡಿದಳು. ಕಣ್ಣು ಮುಚ್ಚಿ ರುಚಿ ನೋಡಿ, ಕಡಿಮೆಯದರಿಂದ ಹೆಚ್ಚಿನದಕ್ಕೆ ತಪ್ಪಿಲ್ಲದೆ ಜೋಡಿಸಿಬಿಟ್ಟೆ. “ನೋಡಿದ್ಯಾ?” ಎಂದು ಸೆರಗು ಸಿಕ್ಕಿಸಿಕೊಂಡೆ.

ಸೋಫಾದಲ್ಲಿ ಫೋನು ಒತ್ತುತ್ತ ಕೂತಿದ್ದ ಮೊಮ್ಮಗಳು ನಿತ್ಯಾ ಫುಡ್ ಸೈನ್ಸ್ ಓದುವವಳು. ಇಲ್ಲೇ ತಮಿಳರ ನಡುವೆ ಬೆಳೆದವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು; ಅಜ್ಜಿಯಾದ ನಾನು ಅವಳಿಗೆ ‘ಪಾಟಿ’. ತಲೆಯೆತ್ತದೆ ಅಂದಳು: “ಪಾಟಿ, ಸಾರ್‌ಲ ಪುಳಿ ಇರುಕ್ಕು, ಕಾರಂ ಇರುಕ್ಕು. ನೀಂಗ ಪ್ಲೇನ್ ವಾಟರ್‌ಲ ಸ್ಟ್ಯಾಂಡರ್ಡ್ ಪಣ್ಣಿಟ್ಟೀಂಗಳೇ!”

ಸಾರಿನಲ್ಲಿ ಹುಳಿಯಿದೆ, ಖಾರವಿದೆ, ನಾನು ಪಾಠ ಹೇಳಿದ್ದು ಮಾತ್ರ ಬರೀ ನೀರಿನಲ್ಲಿ! ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಸ್ಯಾಂಪಲ್ಲಿನಲ್ಲಿರುವ ಬೇರೆ ಪದಾರ್ಥಗಳು ಅಳತೆಯನ್ನು ಕೆಡಿಸುತ್ತವೆ, ಆದ್ದರಿಂದ ಗೊತ್ತಿರುವಷ್ಟನ್ನು ಆ ಸ್ಯಾಂಪಲ್ಲಿಗೇ ಸೇರಿಸಿ ನೋಡಬೇಕು ಎಂದು ಲ್ಯಾಬಿನಲ್ಲಿ ಎಷ್ಟು ಹೊಸಬರಿಗೆ ಗದರಿದ್ದೇನೆ! ಹುಣಸೆ, ಮೆಣಸು, ಬೇಳೆಗಳ ಗದ್ದಲದಲ್ಲಿ ಉಪ್ಪನ್ನು ಹುಡುಕಬೇಕಾದ ನಾಲಿಗೆಗೆ ನಾನು ಖಾಲಿ ರಸ್ತೆಯಲ್ಲಿ ಡ್ರೈವಿಂಗ್ ಟೆಸ್ಟ್ ಕೊಟ್ಟಿದ್ದೆ.

ಸರಿ, ಉಪ್ಪು ಹಾಕದ ಸಾರನ್ನೇ ಬಟ್ಟಲುಗಳಿಗೆ ಹಂಚಿ, ತೂಗಿದ ಉಪ್ಪು ಬೆರೆಸಿದೆವು. ಸುಮತಿಯೂ ನಿತ್ಯಾಳೂ ಒಂದೇ ಬಟ್ಟಲನ್ನು ತೋರಿಸಿ ‘ಹದವಾಗಿದೆ’ ಎಂದರು. ನನಗೆ ಅದು ಸಪ್ಪೆ. ನಾನು ಹದ ಎಂದ ಬಟ್ಟಲಿಗೆ ಇಬ್ಬರೂ ನೀರು ಹುಡುಕಿದರು. ಮರುದಿನ ಮತ್ತೆ ಮಾಡಿದೆವು. ಅದರ ಮರುದಿನವೂ. ಪ್ರತಿ ಸಲವೂ ನನ್ನ ಹದ ಅವರ ಹದಕ್ಕಿಂತ ಅಷ್ಟೇ ಉಪ್ಪು ಮುಂದೆ.

“ಸೆನ್ಸಿಟಿವಿಟಿ ಪೋಚ್ಚು, ಪಾಟಿ,” ಎಂದು ನಾಲಿಗೆಯ ಚುರುಕು ಹೋಯಿತೆಂಬ ತೀರ್ಪು ಕೊಟ್ಟು ನಿತ್ಯಾ ನನ್ನ ಕೆನ್ನೆ ಹಿಂಡಿದಳು.

ಸುಮತಿ ಡಬ್ಬಿಗೆ ಕೈ ಚಾಚಿದಳು. ನಾನು ಗಟ್ಟಿಯಾಗಿ ಹಿಡಿದೆ. “ತಾಳೇ ತಾಯಿ. ದಿನಕ್ಕೊಂದು ಸುಳ್ಳು ಹೇಳೋ ಯಂತ್ರಾನ ಬಿಸಾಕ್ತಾರೆ. ಒಂದೇ ಸುಳ್ಳನ್ನ ದಿನಾ ಹೇಳೋದನ್ನ ಇಟ್ಕೋತಾರೆ. ಅಷ್ಟು ಕಳೆದುಬಿಟ್ರೆ ಸರಿಯಾದ ಲೆಕ್ಕ ಬರುತ್ತೆ.”

“ಹಾಗಂದ್ರೆ ಅತ್ತೆ?”

“ನಂಗೆ ಇನ್ನೂ ಸಪ್ಪೆ ಅನ್ನಿಸ್ತಿರುವಾಗ್ಲೇ ಉಪ್ಪು ಹಾಕೋದು ನಿಲ್ಲಿಸ್ತೀನಿ.”

ಡಬ್ಬಿ ಉಳಿಯಿತು. ಇವರ ಬಿಪಿಯೂ ಈಗ ಹೇಳಿದ ಮಾತು ಕೇಳುತ್ತಿದೆ. ಸುಮತಿ ಸಾರನ್ನು ಸುರಿದುಕೊಂಡು ಕುಡಿಯುತ್ತಾಳೆ; ನಿತ್ಯಾ “ಸೂಪರ್, ಪಾಟಿ” ಎಂದು ಪಾತ್ರೆಯ ತಳ ಕೆರೆಯುತ್ತಾಳೆ. ಹೊಗಳಿಕೆಗೆ ನಾನು ಗಾಂಭೀರ್ಯದಿಂದ ತಲೆಯಾಡಿಸಿ, ನನ್ನ ತಟ್ಟೆಯ ಸಾರನ್ನು ಕಲಸಿಕೊಳ್ಳುತ್ತೇನೆ. ಇಷ್ಟು ಕೆಟ್ಟ ಸಾರನ್ನು ನಾನು ಜನ್ಮದಲ್ಲೇ ಉಂಡಿಲ್ಲ.