ಸೇತುವೆಯ ಕೆಳಗೆ ನನ್ನ ಫೋಟೋ

ಮಿಶಿಗನ್‌ನ ಸೌತ್‌ಫೀಲ್ಡ್‌ನಲ್ಲಿ ಹತ್ತನೇ ಮಹಡಿಯಲ್ಲಿ ಕೂತು, ಸಮುದ್ರದಾಚೆ ಸೇತುವೆ ಕಟ್ಟಿ ನಿಲ್ಲಿಸೋ ಕೆಲಸ ನನ್ನದು. ವಾರಕ್ಕೊಂದು ಎಡವಟ್ಟು ಆಗದಿದ್ದರೆ, ಎಲ್ಲೋ ಏನೋ ತಪ್ಪಾಗಿದೆ ಅಂತ ನಮ್ಮ ಆಫೀಸಿನಲ್ಲಿ ಗಾಬರಿಯಾಗುತ್ತೆ. ನಾನು ಹೇಳೋದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಅಂತ ಕೇಳಬೇಡಿ.

ಆ ದೇಶದ ಹೆಸರು ಬೇಡ. ಅಂತರ್ಯುದ್ಧ ಮುಗಿದು ಈಗಷ್ಟೇ ಸುಧಾರಿಸಿಕೊಳ್ಳುತ್ತಿದೆ. ಅಲ್ಲಿನ ಸರ್ಕಾರಿ ಎಂಜಿನಿಯರ್ ಒಬ್ಬರು ದಿನಾ ನನಗೆ ವಿಡಿಯೊ ಕಾಲ್‌ನಲ್ಲಿ ಸಿಗುತ್ತಿದ್ದರು. ಹಿರಿಯರು ಅಂತ ಮೊದಲ ದಿನವೇ ಬಾಯಿತಪ್ಪಿ ‘ಅಂಕಲ್’ ಅಂದುಬಿಟ್ಟೆ. ಅದೇ ಖಾಯಂ ಆಯಿತು. ಅವರ ಬಸುರಿ ಮಗಳು ಇದ್ದದ್ದು ನದಿಯ ಆಚೆ ದಡದಲ್ಲಿ, ಆಸ್ಪತ್ರೆ ಈಚೆ ದಡದಲ್ಲಿ. ಮಳೆಗಾಲ ಬಂದರೆ ದೋಣಿ ನಿಲ್ಲುತ್ತೆ. “ಸೇತುವೆ ಮೊದಲೋ, ಮೊಮ್ಮಗು ಮೊದಲೋ” ಅಂತ ನಗುತ್ತಿದ್ದರು. ಆದರೂ ನಮಸ್ಕಾರಕ್ಕೂ ಮುಂಚೆ ಕೇಳುತ್ತಿದ್ದದ್ದು, ಡ್ರಾಯಿಂಗ್ ಆಯಿತಾ ಅಂತಲೇ.

೧. ಸೊನ್ನೆ

ನಮ್ಮ ಫಾರ್ಮ್‌ನಲ್ಲಿ ಮೊದಲ ಪ್ರಶ್ನೆ: ಇಲ್ಲಿ ದಿನಕ್ಕೆ ಎಷ್ಟು ವಾಹನ ನದಿ ದಾಟುತ್ತವೆ? ಅಂಕಲ್ ಪ್ರಾಮಾಣಿಕವಾಗಿ ‘ಸೊನ್ನೆ’ ಅಂತ ಬರೆದು ಕಳಿಸಿದರು.

“ಟ್ರಾಫಿಕ್ಕೇ ಇಲ್ಲದ ಕಡೆ ಸೇತುವೆ ಯಾಕೆ?” ಅಂದರು ನಮ್ಮ ಬಾಸ್.

“ಸೇತುವೆ ಇಲ್ಲವಲ್ಲ, ಅದಕ್ಕೇ ಟ್ರಾಫಿಕ್ ಇಲ್ಲ.”

“ಅದಕ್ಕೆ ಫಾರ್ಮ್‌ನಲ್ಲಿ ಕಾಲಂ ಇಲ್ಲ.”

ದೋಣಿಯಲ್ಲಿ ದಾಟೋರನ್ನಾದರೂ ಎಣಿಸಿ ಅಂತ ಅಂಕಲ್‌ಗೆ ಹೇಳಿದೆ. ಉತ್ತರ ಬಂತು: ಜನ ಮುನ್ನೂರು, ಆಡು ನಲವತ್ತು, ಮದುವೆ ದಿಬ್ಬಣ ಒಂದು. ಆಡುಗಳನ್ನು ನಾನು ‘ನಿಧಾನಗತಿಯ ವಾಹನ’ ಅಂತ ತುಂಬಿದೆ. ಮೇಲಿನವರು ಒಪ್ಪಿಗೆ ಕೊಟ್ಟರು. ಜೊತೆಗೆ ಒಂದೇ ಒಂದು ಸಂದೇಹ: ಈ ವಾಹನಗಳಿಗೆ ಪಾರ್ಕಿಂಗ್ ಎಲ್ಲಿ?

೨. ಅನುಭವ

ಹಳೇ ಸೇತುವೆ ಯುದ್ಧದಲ್ಲಿ ಹೋಗಿತ್ತು, ದಡದ ಕಲ್ಲುಕಟ್ಟೆ ಮಾತ್ರ ಉಳಿದಿತ್ತು. ಅದರಲ್ಲಿ ಬಲ ಕಡಿಮೆ ಇರೋ ಜಾಗ ಯಾವುದು ಅಂತ ಕೇಳಿದೆ. ವಿಡಿಯೊದಲ್ಲಿ ಕಟ್ಟೆಯ ಮುಂದೆಯೇ ನಿಂತಿದ್ದ ಅಂಕಲ್, ಕಾಗದ ನೋಡದೆ ಮೂರು ಕಡೆ ಬೆರಳಿಟ್ಟು ತೋರಿಸಿದರು.

“ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳ್ತೀರಿ ಅಂಕಲ್?”

“ಹೋದ ಸಲ ಉಡಾಯಿಸಿದ್ದು ನಾನೇ. ಹಣೆಗೆ ಬಂದೂಕು ಇಟ್ಟು, ಮದ್ದು ಎಲ್ಲಿಡಬೇಕು ಹೇಳು ಅಂದರು. ಕಟ್ಟಿದವನೂ ನಾನೇ ತಾನೇ.”

ನಾನು ಪೆನ್ನು ಕೆಳಗಿಟ್ಟೆ. ಅಂಕಲ್ಲೇ ಸಮಾಧಾನ ಮಾಡಿದರು: “ಬೇಜಾರು ಮಾಡಿಕೊಳ್ಳಬೇಡ. ತನ್ನ ಲೆಕ್ಕಾಚಾರ ಸರಿ ಇತ್ತು ಅಂತ ಇಷ್ಟು ಜೋರಾಗಿ ಕೇಳಿಸಿಕೊಂಡ ಎಂಜಿನಿಯರ್ ಬೇರೆ ಯಾರೂ ಇರಲಾರ.”

೩. ನಿಜ ಹೇಳುವ ಬೋರ್ಡು

ಸೈನಿಕರು ದಾರಿ ತಪ್ಪಲಿ ಅಂತ ಯುದ್ಧಕಾಲದಲ್ಲಿ ಹಳ್ಳಿಯವರು ರಸ್ತೆಯ ಬೋರ್ಡುಗಳನ್ನೆಲ್ಲ ತಿರುಗಿಸಿಟ್ಟಿದ್ದರು. ಯುದ್ಧ ಮುಗಿದರೂ ಯಾರೂ ಸರಿ ಮಾಡಲಿಲ್ಲ. ಬಾಣದ ಗುರುತು ಎಡಕ್ಕಿದ್ದರೆ ಬಲಕ್ಕೆ ಹೋಗಬೇಕು ಅನ್ನೋದು ಅಲ್ಲಿ ಮಕ್ಕಳಿಗೂ ಗೊತ್ತು.

ನಮ್ಮ ಕಂಪನಿಯ ಶಾಮ್‌ಬರ್ಗ್ ಶಾಖೆಯಿಂದ ಸೈಟ್‌ಗೆ ಹೋದ ಹುಡುಗಿ ಬಹಳ ಶಿಸ್ತಿನವಳು. ಎರಡೇ ದಿನದಲ್ಲಿ ಅಷ್ಟೂ ಬೋರ್ಡು ನೆಟ್ಟಗೆ ಮಾಡಿಸಿದಳು. ಮೂರನೇ ದಿನ ನಮ್ಮ ಸೇತುವೆಯ ಉಕ್ಕಿನ ತುಂಡುಗಳನ್ನು ಹೊತ್ತ ಲಾರಿಗಳೆಲ್ಲ ಸಾಲಾಗಿ ಪಕ್ಕದ ಜಿಲ್ಲೆಗೆ ಹೋದವು. ಅವನ್ನು ಹುಡುಕಿ ತರೋಕೆ ಒಂದು ವಾರ. ಆಕಾಶದಲ್ಲಿ ಆಗಲೇ ಮೋಡ.

ಹುಡುಗಿ ಪ್ರತಿ ಬೋರ್ಡಿನ ಕೆಳಗೂ ‘ಇದು ಈಗ ನಿಜ ಹೇಳುತ್ತಿದೆ’ ಅಂತ ಬರೆಸಿದಳು. ಅಂಕಲ್ ಫೋನ್ ಮಾಡಿದರು: “ಅದನ್ನ ಅಳಿಸಿಬಿಡಿ. ಓದಿದ ಮೇಲೆ ಸಂಶಯ ಇಲ್ಲದವರಿಗೂ ಸಂಶಯ ಬರ್ತಿದೆ.”

೪. ಫೋಟೋ

ಸೇತುವೆ ಎದ್ದಿತು. ತೂಕದ ಪರೀಕ್ಷೆ ಆಗದೆ ಜನರನ್ನು ಬಿಡೋ ಹಾಗಿರಲಿಲ್ಲ. ಸೇತುವೆಯ ವಿನ್ಯಾಸ ನನ್ನದು, ಪರೀಕ್ಷೆಯ ನಿಯಮಾವಳಿ ಬರೆದವನೂ ನಾನೇ. ಕೈ ಸುಮ್ಮನಿರದೆ ಕೊನೆಗೆ ತಮಾಷೆಗೊಂದು ಸಾಲು ಸೇರಿಸಿದ್ದೆ: ಪರೀಕ್ಷೆಯ ವೇಳೆ ವಿನ್ಯಾಸಕಾರ ಸೇತುವೆಯ ಕೆಳಗೆ ನಿಂತಿರತಕ್ಕದ್ದು.

ಅಂಕಲ್ ಅದನ್ನು ಅಕ್ಷರಶಃ ಪಾಲಿಸಿದರು. ಪರೀಕ್ಷೆಯ ದಿನ ವಿಡಿಯೊ ಹಾಕಿದರೆ, ಲಾರಿಗಳ ಬದಲು ಸೈನಿಕರು ಬಿಟ್ಟುಹೋದ ಮರಳುಚೀಲಗಳನ್ನು ಊರಿಗೆ ಊರೇ ಹೊತ್ತು ತಂದು ಮೇಲೆ ಪೇರಿಸಿತ್ತು. ಕೆಳಗೆ, ಕಲ್ಲುಕಟ್ಟೆಗೆ ಮೊಳೆ ಹೊಡೆದು, ನನ್ನ ಆಫೀಸ್ ಬ್ಯಾಡ್ಜಿನ ಫೋಟೋವನ್ನು ಆಳೆತ್ತರ ಹಿಗ್ಗಿಸಿ ತೂಗುಹಾಕಿದ್ದರು. ಗೌರವಕ್ಕೆ ದೊಡ್ಡ ಹೂವಿನ ಹಾರ ಬೇರೆ.

ನನ್ನ ಹೆಂಡತಿ ಧಾರವಾಡದವಳು. ಚಹಾ ಕೊಡಲು ಬಂದವಳು ಸ್ಕ್ರೀನ್ ನೋಡಿ ನಿಂತಳು. “ಹಾರ ಹಾಕ್ಯಾರಲ್ರೀ. ನನಗ ಯಾರೂ ಹೇಳೇ ಇಲ್ಲ.”

ಸೇತುವೆ ಜಗ್ಗಲಿಲ್ಲ. ಮರಳುಚೀಲ ಇಳಿಸಿದ ಮಾರನೇ ದಿನವೇ ಅಂಕಲ್ ಮಗಳು ಜೀಪಿನಲ್ಲಿ ಈಚೆ ದಡಕ್ಕೆ ಬಂದಳು. ಅದರ ಮಾರನೇ ದಿನ ಮಳೆ. ವಾರದೊಳಗೆ ಮೊಮ್ಮಗಳು. ಅಂಕಲ್ ಕಣ್ಣೊರೆಸಿಕೊಂಡು ನಕ್ಕರು.

“ಆ ಫೋಟೋ ಇನ್ನಾದರೂ ತೆಗೆಸಿ ಅಂಕಲ್.”

“ಆಗಲ್ಲ. ನದಿಯಲ್ಲಿ ನೀರಿನ ಮಟ್ಟ ಅಳೆಯೋ ಪಟ್ಟಿ ಇಲ್ಲವಲ್ಲ. ಊರವರು ತೀರ್ಮಾನ ಮಾಡಿಬಿಟ್ಟಿದ್ದಾರೆ: ನೀರು ನಿನ್ನ ಟೈ ಮುಟ್ಟಿದರೆ ಲಾರಿ ಬಂದ್, ಮೀಸೆ ಮುಟ್ಟಿದರೆ ಎಲ್ಲಾ ಬಂದ್.”

ಅಂದಿನಿಂದ ದಿನಾ ಬೆಳಿಗ್ಗೆ ಅಲ್ಲಿಂದ ಒಂದು ಮೆಸೇಜ್ ಬರುತ್ತೆ. ನನ್ನ ಹೆಂಡತಿ ಚಹಾ ಕಪ್ಪು ಇಡುತ್ತಾ, ಹವಾಮಾನ ವಿಚಾರಿಸೋ ಹಾಗೆ ಕೇಳುತ್ತಾಳೆ: “ಏನ್ರೀ, ಇವತ್ತ ಎಲ್ಲೀತನಕಾ ಮುಳುಗೀರಿ?”